ಬಾಕ್ಸ್ ಎಲ್ಲಿ ಹಾಕ್ಲಿ, ಸಾರ್?

ಫೈಬರ್ ಸಂಪರ್ಕ ಕೊಡಲು ಬಂದ ಹುಡುಗ ಬಾಗಿಲಲ್ಲಿ ನಿಂತು ಕೇಳುವ ಮೊದಲ ಪ್ರಶ್ನೆ ಇದು. ಹೆಗಲ ಮೇಲೆ ಕಪ್ಪು ಕೇಬಲ್ಲಿನ ಸುರುಳಿ, ಕೈಯಲ್ಲಿ ಡ್ರಿಲ್ಲು, ಇನ್ನೂ ನಾಲ್ಕು ಮನೆಗೆ ಹೋಗಬೇಕಾದ ಅವಸರ. ನಾವೂ ಅಷ್ಟೇ ಅವಸರದಲ್ಲಿ "ಅಲ್ಲೇ ಟಿವಿ ಹಿಂದೆ ಹಾಕಪ್ಪಾ" ಎಂದುಬಿಡುತ್ತೇವೆ. ಅಲ್ಲಿ ಪ್ಲಗ್ ಪಾಯಿಂಟ್ ಇರುತ್ತದೆ, ಕಿಟಕಿಯ ಮೂಲೆಯಿಂದ ಕೇಬಲ್ ಒಳಕ್ಕೆ ತರುವುದು ಸುಲಭ, ಬಾಕ್ಸು ಕಣ್ಣಿಗೂ ಬೀಳುವುದಿಲ್ಲ. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಮುಂದಿನ ಐದಾರು ವರ್ಷ ಆ ಮನೆಯ ಯಾವ ಕೋಣೆಯಲ್ಲಿ ವಿಡಿಯೊ ಓಡುತ್ತದೆ, ಯಾವ ಕೋಣೆಯಲ್ಲಿ ಚಕ್ರ ಸುತ್ತುತ್ತಲೇ ಇರುತ್ತದೆ ಎಂಬುದೂ ಆ ಇಪ್ಪತ್ತು ನಿಮಿಷದಲ್ಲೇ ತೀರ್ಮಾನವಾಗಿಬಿಟ್ಟಿರುತ್ತದೆ.

ನಮ್ಮದು ಮೈಸೂರಿನಲ್ಲಿ ತರ್ಟಿ-ಫಾರ್ಟಿ ಸೈಟಿನ ಮನೆ. ಕೆಳಗೆ ನಾನು, ನನ್ನಾಕೆ, ನನ್ನ ತಾಯಿ. ಮೊದಲ ಮಹಡಿಯಲ್ಲಿ ದೊಡ್ಡ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಅದರ ಮೇಲೆ ತಾರಸಿಯ ಕೋಣೆಯಲ್ಲಿ ಚಿಕ್ಕ ಮಗ. ಬೆಂಗಳೂರಿನ ಕಂಪನಿಗೆ ವಾರದಲ್ಲಿ ನಾಲ್ಕು ದಿನ ಇಲ್ಲಿಂದಲೇ ಕೆಲಸ ಮಾಡುತ್ತಾನೆ. ಒಂದು ಭಾನುವಾರ ಕೂತು ಎಣಿಸಿದೆ. ಏಳು ಫೋನು, ಮೂರು ಲ್ಯಾಪ್‌ಟಾಪು, ಒಂದು ಟ್ಯಾಬ್, ಎರಡು ಟಿವಿ, ನಾಲ್ಕು ಸಿಸಿ ಕ್ಯಾಮೆರಾ, ಒಂದು ಪ್ರಿಂಟರು, ಒಂದು ಸ್ಪೀಕರು, ಗೀಸರಿಗೆ ಹಾಕಿದ ಒಂದು ಸ್ಮಾರ್ಟ್ ಪ್ಲಗ್ಗು. ಎಂಟು ಜನರ ಇಪ್ಪತ್ತು ಸಾಧನಗಳು ಟಿವಿ ಹಿಂದಿನ ಒಂದೇ ಬಾಕ್ಸಿಗೆ ಜೋತುಬಿದ್ದಿದ್ದವು.

ಬೆಳಗ್ಗೆ ಒಂಬತ್ತೂವರೆಗೆ ಚಿಕ್ಕವನ ಮೀಟಿಂಗ್ ಶುರುವಾದರೆ ಮೇಲಿನಿಂದ ಕೂಗು: "ಅಪ್ಪಾ, ಯಾರಾದ್ರೂ ಏನಾದ್ರೂ ಡೌನ್‌ಲೋಡ್ ಮಾಡ್ತಿದ್ದೀರಾ?" ಯಾರೂ ಏನೂ ಮಾಡುತ್ತಿರಲಿಲ್ಲ. ಅಜ್ಜಿ ಕೆಳಗೆ ಟಿವಿಯಲ್ಲಿ ದಾಸರ ಪದ ಕೇಳುತ್ತಿದ್ದರು, ಅಷ್ಟೆ. ಸಂಪರ್ಕ ಕೊಟ್ಟ ಕಂಪನಿಗೆ ಫೋನ್ ಮಾಡಿದರೆ, ಮನೆಯಲ್ಲಿ ಜನ ಹೆಚ್ಚು, ದೊಡ್ಡ ಪ್ಲ್ಯಾನ್ ತೆಗೆದುಕೊಳ್ಳಿ ಎಂಬ ಸಲಹೆ ಬಂತು. 50 ಎಂಬಿಪಿಎಸ್‌ನಿಂದ 200ಕ್ಕೆ ಏರಿದೆವು. ಒಂಬತ್ತು ತಿಂಗಳು ಹೆಚ್ಚಿನ ಬಿಲ್ಲು ಕಟ್ಟಿದೆವು. ತಾರಸಿಯ ಕೋಣೆಯಲ್ಲಿ ಏನೂ ಬದಲಾಗಲಿಲ್ಲ.

ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವನು ನಾನು. ತರಂಗಗಳ ಅಧ್ಯಾಯವನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಊಹೆ ಬಿಟ್ಟು ಅಳೆದೇ ನೋಡೋಣ ಅನ್ನಿಸಿತು. ಹಾಗೆ ಅಳೆದದ್ದರಿಂದ ನಮಗೆ ಉಳಿದ ದುಡ್ಡು ಸಣ್ಣದೇ, ತಪ್ಪಿದ ಕಿರಿಕಿರಿ ದೊಡ್ಡದು. ರೂಟರ್ ಕೊಳ್ಳಲು ಹೊರಟ ಎಲ್ಲರಿಗೂ ಅದನ್ನು ಹೇಳಬೇಕೆಂದು ಈ ಬರಹ.

ರಸ್ತೆಯಿಂದ ಗೇಟಿನವರೆಗೆ, ಗೇಟಿನಿಂದ ಕೋಣೆಯವರೆಗೆ

ಇಂಟರ್‌ನೆಟ್ ಬೇರೆ, ವೈ-ಫೈ ಬೇರೆ. ಮಾತಿನಲ್ಲಿ ಎರಡನ್ನೂ "ನೆಟ್" ಎಂದೇ ಕರೆಯುವುದರಿಂದ ಗೊಂದಲ ಅಲ್ಲಿಂದಲೇ ಶುರುವಾಗುತ್ತದೆ. ಕಾವೇರಿ ನೀರು ರಸ್ತೆಯ ಪೈಪಿನಿಂದ ನಮ್ಮ ಸಂಪಿನವರೆಗೆ ಬರುವುದು ಒಂದು ವ್ಯವಸ್ಥೆ. ಸಂಪಿನಿಂದ ಮೇಲಿನ ಬಚ್ಚಲಿನ ನಲ್ಲಿಗೆ ಏರುವುದು ಇನ್ನೊಂದು. ಮೇಲಿನ ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ರಸ್ತೆಯ ಪೈಪನ್ನು ಯಾರೂ ಅಗೆಯುವುದಿಲ್ಲ. ನೆಟ್‌ನ ವಿಷಯದಲ್ಲಿ ಮಾತ್ರ ನಾವೆಲ್ಲ ಅಗೆಯುವುದು ರಸ್ತೆಯನ್ನೇ, ಅಂದರೆ ಪ್ಲ್ಯಾನನ್ನೇ.

ಎರಡನ್ನೂ ಬೇರ್ಪಡಿಸಿ ನೋಡಲು ಒಂದು ತುಂಡು ಕೇಬಲ್ ಸಾಕು. ಲ್ಯಾಪ್‌ಟಾಪನ್ನು ಬಾಕ್ಸಿಗೆ ವೈರಿನಿಂದ ನೇರ ಜೋಡಿಸಿ ವೇಗ ಅಳೆಯಬೇಕು. ಹೇಳಿದಷ್ಟು ವೇಗ ಬಂದರೆ ಹೊರಗಿನವರ ತಪ್ಪಿಲ್ಲ, ಕೊರತೆ ಮನೆಯೊಳಗಿದೆ. ನಮ್ಮಲ್ಲಿ ವೈರಿನಲ್ಲಿ ಬಂದದ್ದು 94. ದುಡ್ಡು ಕಟ್ಟುತ್ತಿದ್ದುದು 200ಕ್ಕೆ. ಈ 94 ಎಂಬ ಅಂಕಿಯನ್ನು ಕಂಡರೆ ಕೂಡಲೇ ಗುರುತು ಹಿಡಿಯಬೇಕು. ಬಾಕ್ಸಿನ ಕಿಂಡಿ 100 ಎಂಬಿಪಿಎಸ್‌ನ ಹಳೇ ಬಗೆಯದಾಗಿದ್ದರೆ, ಮೇಲುಖರ್ಚು ಕಳೆದು ಕೈಗೆ ಸಿಗುವುದು ಹೆಚ್ಚೂಕಡಿಮೆ ಅಷ್ಟೇ. ಹಿಂದೆ ಎಷ್ಟೇ ದೊಡ್ಡ ಪ್ಲ್ಯಾನ್ ಇದ್ದರೂ ಆ ಕಿಂಡಿಯನ್ನು ದಾಟಿ ಬರಲಾರದು. ನಮಗೆ 200ರ ಪ್ಲ್ಯಾನ್ ಮಾರಿದವರು ಅದನ್ನು ಹೊರಲಾರದ ಬಾಕ್ಸನ್ನೇ ಉಳಿಸಿಹೋಗಿದ್ದರು. ಮೂರು ದೂರು ಕೊಟ್ಟ ಮೇಲೆ ಬದಲಾಯಿತು.

ಹಾಗಾದರೆ ಒಂದು ಮನೆಗೆ ಎಷ್ಟು ಬೇಕು? ನೆಟ್‌ಫ್ಲಿಕ್ಸ್ ತಾನೇ ಹೇಳುವ ಲೆಕ್ಕದಲ್ಲಿ ಫುಲ್ ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್, 4ಕೆ ಚಿತ್ರಕ್ಕೆ 15. ವಿಡಿಯೊ ಮೀಟಿಂಗಿಗೆ ಹೋಗುವುದಕ್ಕೂ ಬರುವುದಕ್ಕೂ ತಲಾ 4 ಹಿಡಿದರೆ ಧಾರಾಳ. ಸಂಜೆ ಏಳಕ್ಕೆ ನಮ್ಮ ಮನೆಯಲ್ಲಿ ಒಂದು ಟಿವಿಯಲ್ಲಿ 4ಕೆ, ಇನ್ನೊಂದರಲ್ಲಿ ಮತ್ತು ಟ್ಯಾಬಿನಲ್ಲಿ ಎಚ್‌ಡಿ, ಎರಡು ವಿಡಿಯೊ ಕರೆ, ಉಳಿದ ಫೋನುಗಳಿಗೆಲ್ಲ ಸೇರಿ 10 ಎಂದುಕೊಂಡರೂ ಒಟ್ಟು 43. ಅಂದರೆ ಮೊದಲಿನ 50ರ ಪ್ಲ್ಯಾನೇ ಹೇಗೋ ಸಾಲುತ್ತಿತ್ತು. 100 ಇದ್ದರೆ ನೆಮ್ಮದಿ. ಜನ ಮರೆಯುವುದು ಮೇಲ್ಮುಖದ ವೇಗವನ್ನು. ಕ್ಲೌಡಿಗೆ ಚಿತ್ರ ಕಳಿಸುವ ಸಿಸಿ ಕ್ಯಾಮೆರಾ ಒಂದಕ್ಕೆ 2 ಎಂದರೂ ನಾಲ್ಕಕ್ಕೆ 8 ಎಂಬಿಪಿಎಸ್ ಹಗಲೂ ರಾತ್ರಿ ಮೇಲಕ್ಕೆ ಹೋಗುತ್ತಲೇ ಇರುತ್ತದೆ. ಮದುವೆ ಮನೆಯಿಂದ ಬಂದವರ ಫೋನು ನೂರಾರು ಫೋಟೊಗಳನ್ನು ಸದ್ದಿಲ್ಲದೆ ಏರಿಸಲು ಶುರುಮಾಡಿದರೆ ಮೀಟಿಂಗಿನಲ್ಲಿದ್ದವನ ದನಿ ತುಂಡಾಗುತ್ತದೆ. ಪ್ಲ್ಯಾನ್ ಆರಿಸುವಾಗ ಅಪ್‌ಲೋಡ್ ಎಷ್ಟು ಎಂದು ಕೇಳಿಯೇ ಮುಂದುವರಿಯಬೇಕು.

ಎರಡು ಗೋಡೆಯ ಕಥೆ

1895ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸ್ ಒಂದು ಪ್ರಯೋಗ ಮಾಡಿ ತೋರಿಸಿದರು. ತರಂಗಗಳನ್ನು ಹೊಮ್ಮಿಸುವ ಉಪಕರಣ ಒಂದು ಕಡೆ, ಹಿಡಿಯುವ ಉಪಕರಣ 23 ಮೀಟರ್ ಆಚೆ, ನಡುವೆ ಎರಡು ಗೋಡೆ. ಆಚೆ ಕಡೆ ಗಂಟೆ ಬಾರಿಸಿತು, ಮದ್ದಿನ ಪುಡಿ ಸಿಡಿಯಿತು. ಅವರು ಬಳಸಿದ್ದು 60 ಗಿಗಾಹರ್ಟ್ಸ್‌ನಷ್ಟು ಎತ್ತರದ ಆವರ್ತನದ ತರಂಗ. ತರಗತಿಯಲ್ಲಿ ಇದನ್ನು ಹೇಳುವಾಗಲೆಲ್ಲ ನನಗೆ ಮೈ ನವಿರೇಳುತ್ತಿತ್ತು, ಈಗಲೂ ಏಳುತ್ತದೆ. ಆದರೆ ಗಂಟೆ ಬಾರಿಸಲು ಒಂದು ಮಿಡಿತ ತಲುಪಿದರೆ ಸಾಕು. ವಿಡಿಯೊ ಕರೆಗೆ ಸೆಕೆಂಡಿಗೆ ಲಕ್ಷಗಟ್ಟಲೆ ಮಿಡಿತಗಳು ತಪ್ಪಿಲ್ಲದೆ ಸಾಲಾಗಿ ತಲುಪಬೇಕು. ಗೋಡೆಯ ಬೆಲೆ ತಿಳಿಯುವುದು ಅಲ್ಲಿ.

ನಮ್ಮ ನಾಡಿನ ಗೋಡೆಗಳು ಸಾಮಾನ್ಯವಲ್ಲ. ಪಾಶ್ಚಾತ್ಯ ದೇಶಗಳ ಎಷ್ಟೋ ಮನೆಗಳ ಒಳಗೋಡೆ ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಹೊಡೆದದ್ದು. ರೂಟರಿನ ಡಬ್ಬದ ಮೇಲೆ ಬರೆದ "ಇಷ್ಟು ಸಾವಿರ ಚದರಡಿಗೆ ಸಾಕು" ಎಂಬ ಮಾತನ್ನು ಅಂಥ ಮನೆಗೆ ಮಾತ್ರ ನಂಬಬಹುದು. ಇಲ್ಲಿ ಆರಂಗುಲದ ಸಾಲಿಡ್ ಬ್ಲಾಕು, ಒಂಬತ್ತು ಅಂಗುಲದ ಇಟ್ಟಿಗೆ, ಹಳೇ ಬೆಂಗಳೂರಿನ ಸೈಜುಗಲ್ಲು, ಕರಾವಳಿಯ ಕೆಂಪುಕಲ್ಲು, ಮಲೆನಾಡಿನ ಹಳೇ ಮನೆಗಳಲ್ಲಿ ಮೊಳ ಮೀರಿದ ಮಣ್ಣುಗೋಡೆ. ಎಲ್ಲಕ್ಕಿಂತ ಬಿಗಿಯಾದ ಅಡ್ಡಿ ತಲೆಯ ಮೇಲಿನ ಆರ್‌ಸಿಸಿ ಮೋಲ್ಡು. ಕಾಂಕ್ರೀಟೂ ಇದೆ, ಅದರೊಳಗೆ ಕಬ್ಬಿಣದ ಜಾಲರಿಯೂ ಇದೆ. ಒಂದು ಮಹಡಿಯಿಂದ ಇನ್ನೊಂದಕ್ಕೆ ವೈ-ಫೈ ಸರಿಯಾಗಿ ಏರದಿರುವುದಕ್ಕೆ ಮೊದಲ ಕಾರಣ ಅದು.

ಫೋನಿನಲ್ಲಿ ಸಿಗ್ನಲ್ ಅಳೆಯುವ ಉಚಿತ ಆ್ಯಪ್‌ಗಳಿವೆ. ಅವು ಮೈನಸ್ ಅಂಕಿಯಲ್ಲಿ ತೋರಿಸುತ್ತವೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 50 ಇದ್ದರೆ ಬಹಳ ಚೆನ್ನ, ಮೈನಸ್ 67ರವರೆಗೆ ವಿಡಿಯೊ ಕರೆ ನಿಶ್ಚಿಂತೆ, 75 ದಾಟಿದರೆ ತೊಡಕು. ಪ್ರತಿ 3 ಡೆಸಿಬೆಲ್ ಇಳಿತಕ್ಕೆ ಶಕ್ತಿ ಅರ್ಧವಾಗುತ್ತದೆ, 10ಕ್ಕೆ ಹತ್ತರಲ್ಲೊಂದು ಪಾಲು ಉಳಿಯುತ್ತದೆ. ನಾನು ಕೈಯಲ್ಲಿ ಫೋನ್ ಹಿಡಿದು ಮನೆಯೆಲ್ಲ ಸುತ್ತಿ ಒಂದು ಹಾಳೆಯಲ್ಲಿ ಬರೆದುಕೊಂಡೆ. ಟಿವಿ ಮುಂದೆ ಮೈನಸ್ 35. ಮೊದಲ ಮಹಡಿಯ ಹಜಾರದಲ್ಲಿ 62. ಅಲ್ಲೇ ಕಬ್ಬಿಣದ ಬೀರುವಿನ ಮರೆಯ ಮಂಚದಲ್ಲಿ 74. ತಾರಸಿಯ ಕೋಣೆಯಲ್ಲಿ 83. ಮೊದಲನೆಯದಕ್ಕೂ ಕೊನೆಯದಕ್ಕೂ 48 ಡೆಸಿಬೆಲ್ ಅಂತರ, ಅಂದರೆ ಶಕ್ತಿಯಲ್ಲಿ ಅರವತ್ತು ಸಾವಿರ ಪಟ್ಟಿಗೂ ಹೆಚ್ಚು ಇಳಿಕೆ. ಯಾವ ಪ್ಲ್ಯಾನು ಇದನ್ನು ತುಂಬಿಕೊಡಬಲ್ಲದು?

ಲೋಹ ಮತ್ತು ನೀರು ಈ ತರಂಗಗಳ ಹಗೆಗಳು. ಬೀರು, ಫ್ರಿಜ್ಜು, ಹಿಂಬದಿಗೆ ಲೋಹದ ಲೇಪವಿರುವ ನಿಲುವುಗನ್ನಡಿ, ಮೀನಿನ ತೊಟ್ಟಿ, ತಾರಸಿಯ ನೀರಿನ ಟ್ಯಾಂಕು, ಎಲ್ಲವೂ ತಡೆಯುತ್ತವೆ. ಟಿವಿಯ ಬೆನ್ನೂ ಲೋಹದ್ದೇ. ಅದರ ಹಿಂದೆ ಬಾಕ್ಸ್ ಇಡುವುದೆಂದರೆ ದೀಪ ಹಚ್ಚಿ ಮೊರದ ಮರೆಯಲ್ಲಿಟ್ಟಂತೆ.

ಆ್ಯಂಟೆನಾದ ಬಗ್ಗೆಯೂ ಒಂದು ಮಾತು. ಆ್ಯಂಟೆನಾ ಕಡ್ಡಿಯ ತುದಿಯಿಂದ ಸಿಗ್ನಲ್ ಚಿಮ್ಮುತ್ತದೆ ಎಂದು ತಿಳಿದು ಅದನ್ನು ಕೋಣೆಯ ಕಡೆ ಗುರಿ ಹಿಡಿಯುವವರಿದ್ದಾರೆ. ಉದ್ದಿನ ವಡೆಯ ತೂತಿಗೆ ಒಂದು ಕಡ್ಡಿ ಸಿಕ್ಕಿಸಿ ನಿಲ್ಲಿಸಿಕೊಳ್ಳಿ. ಸಿಗ್ನಲ್ ಹರಡುವುದು ವಡೆಯ ಆಕಾರದಲ್ಲಿ, ಕಡ್ಡಿಯ ಸುತ್ತ. ತುದಿಯ ನೇರಕ್ಕೆ ಇರುವುದು ಆ ತೂತು. ಕಡ್ಡಿ ನೆಟ್ಟಗಿದ್ದರೆ ಅದೇ ಮಹಡಿಗೆ ಚೆನ್ನಾಗಿ ಹರಡುತ್ತದೆ, ಒಂದನ್ನು ಮಲಗಿಸಿದರೆ ಮೇಲಕ್ಕೂ ಕೆಳಕ್ಕೂ ಒಂದಿಷ್ಟು ಹೋಗುತ್ತದೆ. ಆರು ಕೊಂಬಿನ ರೂಟರು ಎರಡು ಕೊಂಬಿನದಕ್ಕಿಂತ ಮೂರು ಪಟ್ಟು ದೂರ ಹೋಗುತ್ತದೆ ಎಂಬುದು ಸುಳ್ಳು.

ಇನ್ನು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿ. ಮೊದಲನೆಯದರ ತರಂಗದ ಉದ್ದ ಸುಮಾರು 12.5 ಸೆಂಟಿಮೀಟರ್, ಎರಡನೆಯದರದ್ದು ಅದರ ಅರ್ಧಕ್ಕೂ ಕಡಿಮೆ. 2.4 ಗೋಡೆಯನ್ನು ಹೆಚ್ಚು ಚೆನ್ನಾಗಿ ದಾಟುತ್ತದೆ, ಆದರೆ ಜಾಗ ಇಕ್ಕಟ್ಟು. ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11 ಮೂರೇ. ಅಕ್ಕಪಕ್ಕದ ಹತ್ತು ಮನೆಯ ರೂಟರುಗಳು ಆ ಮೂರರಲ್ಲೇ ನೂಕಾಡುತ್ತವೆ. ಮೈಕ್ರೊವೇವ್ ಒಲೆಯೂ 2.45ರಲ್ಲಿ ಕೆಲಸ ಮಾಡುವುದರಿಂದ ಅದೂ ಅಲ್ಲೇ ಬಂದು ಸೇರಿಕೊಳ್ಳುತ್ತದೆ. 5ರಲ್ಲಿ ಜಾಗ ವಿಶಾಲ, ವೇಗ ಹೆಚ್ಚು, ಗೋಡೆ ಎದುರಾದರೆ ಸೋಲು ಬೇಗ. ನಮ್ಮ ದೇಶದಲ್ಲಿ 2.4ರ ಪಟ್ಟಿಯನ್ನು ಪರವಾನಗಿಯಿಲ್ಲದೆ ಬಳಸಲು 2005ರಲ್ಲಿ ಬಿಟ್ಟರು. 5ರ ಪಟ್ಟಿಯನ್ನು ಇಷ್ಟು ವಿಶಾಲವಾಗಿ ತೆರೆದದ್ದು 2018ರ ಅಕ್ಟೋಬರಿನಲ್ಲಿ. ಅದಕ್ಕೂ ಮುಂಚಿನ ಬಾಕ್ಸ್ ಇನ್ನೂ ಮನೆಯಲ್ಲಿದ್ದರೆ ಅದಕ್ಕೆ ವಿಶ್ರಾಂತಿ ಕೊಡುವ ಕಾಲ ಬಂದಿದೆ. ಈಗಲೂ ಕೆಲವರು 2.4 ಮಾತ್ರ ಇರುವ ಬಾಕ್ಸನ್ನು "ಫ್ರೀ" ಎಂದು ಕೊಟ್ಟುಹೋಗುತ್ತಾರೆ. ಹಾಕಿಸಿಕೊಳ್ಳುವಾಗಲೇ "ಡ್ಯುಯಲ್ ಬ್ಯಾಂಡಾ?" ಎಂದು ಕೇಳಬೇಕು.

ವಠಾರದ ನಲ್ಲಿ

ಜನ ಹೆಚ್ಚಿರುವ ಮನೆಗೆ ತಿಳಿದಿರಲೇಬೇಕಾದ ಸಂಗತಿ ಬೇರೊಂದಿದೆ. ಒಂದು ಚಾನೆಲ್‌ನಲ್ಲಿ ಒಮ್ಮೆಗೆ ಒಬ್ಬರು ಮಾತ್ರ ಮಾತಾಡಬಹುದು. ಇಪ್ಪತ್ತು ಸಾಧನಗಳು ಸರದಿಯಲ್ಲಿ ನಿಂತಿರುತ್ತವೆ. ಹಿಂದಿನ ವಠಾರಗಳಲ್ಲಿ ಎಂಟು ಮನೆಗೆ ಒಂದೇ ನಲ್ಲಿ ಇದ್ದಂತೆ ಇದು. ಅಗಲ ಬಾಯಿಯ ಬಕೆಟ್ ಇಟ್ಟವರು ಬೇಗ ತುಂಬಿಸಿಕೊಂಡು ಹೊರಡುತ್ತಾರೆ. ಕಿರಿದಾದ ಬಾಯಿಯ ಪಾತ್ರೆ ತಂದವರಿಗಾಗಿ ನಲ್ಲಿಯನ್ನು ಸಣ್ಣಗೆ ತಿರುಗಿಸಬೇಕು. ಅವರು ಒಯ್ಯುವುದು ಒಂದೇ ಬಿಂದಿಗೆ, ಹಿಂದೆ ನಿಂತವರೆಲ್ಲ ಕಾಯುತ್ತಾರೆ.

ದೂರದ ಗೇಟಿನಲ್ಲಿರುವ ಕ್ಯಾಮೆರಾ, ಮೂಲೆಯಲ್ಲಿರುವ ಹತ್ತು ವರ್ಷದ ಹಳೇ ಫೋನು ಇಂಥ ಪಾತ್ರೆಗಳು. ರೂಟರಿನ ಹತ್ತಿರದ ಫೋನು 300 ಎಂಬಿಪಿಎಸ್ ವೇಗದಲ್ಲಿ ಮುಗಿಸುವ ಕೆಲಸವನ್ನು 6ರ ವೇಗಕ್ಕೆ ಇಳಿದ ಕ್ಯಾಮೆರಾ ಐವತ್ತು ಪಟ್ಟು ಹೊತ್ತು ತೆಗೆದುಕೊಂಡು ಮಾಡುತ್ತದೆ. ಆ ಹೊತ್ತೆಲ್ಲ ಉಳಿದವರಿಗೆ ನಲ್ಲಿ ಸಿಗುವುದಿಲ್ಲ. "ನಾವು ಇರೋದು ನಾಲ್ಕೇ ಜನ, ಆದ್ರೂ ನೆಟ್ ಸ್ಲೋ" ಎನ್ನುವ ಮನೆಗಳಲ್ಲಿ ಹಲವು ಸಲ ಆಗುತ್ತಿರುವುದು ಇದು. ಪರಿಹಾರವೂ ಇದರಿಂದಲೇ ಹೊಳೆಯುತ್ತದೆ. ಜಾಗ ಬಿಟ್ಟು ಕದಲದ ಟಿವಿ, ಪ್ರಿಂಟರು, ಕ್ಯಾಮೆರಾ, ಮೇಜಿನ ಕಂಪ್ಯೂಟರುಗಳಲ್ಲಿ ಎಷ್ಟು ಸಾಧ್ಯವೋ ಅಷ್ಟನ್ನು ವೈರಿಗೆ ಹಾಕಿ ಸರದಿಯಿಂದ ಹೊರಗೆ ಕಳಿಸಬೇಕು. ವೈ-ಫೈ ಕೈಯಲ್ಲಿ ಹಿಡಿದು ಓಡಾಡುವ ಸಾಧನಗಳಿಗೆ ಉಳಿಯಲಿ.

ವೈ-ಫೈ 6 ಎಂಬ ತಲೆಮಾರಿನ ಹೆಚ್ಚುಗಾರಿಕೆ ಇಲ್ಲಿ ಅರ್ಥವಾಗುತ್ತದೆ. 4, 5, 6 ಎಂದು ತಲೆಮಾರುಗಳಿಗೆ ಸರಳ ಅಂಕಿ ಇಡುವ ಪದ್ಧತಿ ಬಂದದ್ದು 2018ರಲ್ಲಿ. 4 ಎಂದರೆ 2009ರ ತಂತ್ರ. 6ಕ್ಕೆ ಪ್ರಮಾಣಪತ್ರ ಕೊಡಲು ಶುರುವಾದದ್ದು 2019ರಲ್ಲಿ, 7ಕ್ಕೆ 2024ರ ಜನವರಿಯಲ್ಲಿ. 6ರಲ್ಲಿ ಒಂದೇ ಸರದಿಯಲ್ಲಿ ನೀರಿನ ಧಾರೆಯನ್ನು ಸೀಳಿ ಹಲವರ ಪಾತ್ರೆಗೆ ಏಕಕಾಲಕ್ಕೆ ಹಂಚುವ ವಿದ್ಯೆ ಇದೆ. ಅದರ ಪೂರ್ಣ ಲಾಭ ಸಿಗಬೇಕಾದರೆ ಫೋನುಗಳೂ ಅದೇ ತಲೆಮಾರಿನವಾಗಿರಬೇಕು. ಆದರೂ ಇವತ್ತು ಹೊಸದಾಗಿ ಕೊಳ್ಳುವವರು 6ಕ್ಕಿಂತ ಕೆಳಗಿನದನ್ನು ಕೊಳ್ಳಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. 7ಕ್ಕೆ ಹೆಚ್ಚು ದುಡ್ಡು ಸುರಿಯುವ ಅಗತ್ಯ ಈಗಿಲ್ಲ. ಅದರ ಅತಿ ಅಗಲದ 320 ಮೆಗಾಹರ್ಟ್ಸ್ ಚಾನೆಲ್ ಇರುವುದು 6 ಗಿಗಾಹರ್ಟ್ಸ್ ಪಟ್ಟಿಯಲ್ಲಿ. ಆ ಪಟ್ಟಿಯ ಕೆಳಭಾಗವನ್ನು ಮನೆಯೊಳಗಿನ ಬಳಕೆಗೆ ಬಿಡುವ ಕರಡು ನಿಯಮವನ್ನು ದೂರಸಂಪರ್ಕ ಇಲಾಖೆ ಹೊರಡಿಸಿದ್ದೇ 2025ರ ಮೇ ತಿಂಗಳಲ್ಲಿ. ಗೋಡೆಯ ಮುಂದೆ 6 ಗಿಗಾಹರ್ಟ್ಸ್ 5ಕ್ಕಿಂತಲೂ ಬೇಗ ಸೋಲುತ್ತದೆ ಎಂಬುದನ್ನೂ ಮರೆಯಬಾರದು.

ಡಬ್ಬದ ಮೇಲಿನ ಅಂಕಿಗಳನ್ನು ಓದಲು ಕಲಿತರೆ ಅಂಗಡಿಯಲ್ಲಿ ಮೋಸಹೋಗುವುದು ತಪ್ಪುತ್ತದೆ. ಎಸಿ 1200 ಎಂದರೆ ವೈ-ಫೈ 5; 2.4ರಲ್ಲಿ 300, 5ರಲ್ಲಿ 867, ಎರಡನ್ನೂ ಕೂಡಿ ಮೇಲಕ್ಕೆ ಸರಿಸಿದ ಮೊತ್ತ. ಎಎಕ್ಸ್ 3000 ಎಂದರೆ ವೈ-ಫೈ 6. 574 ಮತ್ತು 2402. ಒಂದು ಫೋನು ಒಮ್ಮೆಗೆ ಒಂದು ಪಟ್ಟಿಯಲ್ಲಿ ಇರುವುದರಿಂದ ಆ ಕೂಡಿಸಿದ ಅಂಕಿ ಯಾರ ಕೈಗೂ ಸಿಗುವುದಿಲ್ಲ. ಅದಕ್ಕಿಂತ ಡಬ್ಬ ತಿರುಗಿಸಿ ಹಿಂಬದಿಯ ಕಿಂಡಿಗಳ ವಿವರ ಓದಬೇಕು. "10/100" ಎಂದಷ್ಟೇ ಇದ್ದರೆ ಕೆಳಗಿಡಿ. ಮತ್ತೆ ಅದೇ 94ರ ಕಥೆ. "10/100/1000" ಅಥವಾ ಗಿಗಾಬಿಟ್ ಎಂದಿರಬೇಕು. ಆ್ಯಕ್ಸೆಸ್ ಪಾಯಿಂಟ್ ಮೋಡ್ ಇದೆಯೇ, ಅದೇ ಕಂಪನಿಯ ಇನ್ನೊಂದು ಬಾಕ್ಸನ್ನು ಮುಂದೆ ಮೆಶ್ ಆಗಿ ಸೇರಿಸಿಕೊಳ್ಳಬಹುದೇ ಎಂಬ ಇನ್ನೆರಡು ಪ್ರಶ್ನೆ ಕೇಳಿ; ಇವುಗಳ ಉಪಯೋಗವನ್ನು ಮುಂದೆ ಹೇಳುತ್ತೇನೆ.

ವೈರ್ ಎಳೆಯುವ ಮಾತು

ಮೂಲೆಯ ಕೋಣೆಗೆ ಸಿಗ್ನಲ್ ಇಲ್ಲ ಎಂದಾಗ ಅಂಗಡಿಯವರು ಮೊದಲು ಕೈಗೆ ಕೊಡುವುದು ಎಕ್ಸ್‌ಟೆಂಡರ್. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ಡಬ್ಬಿ, ಅಗ್ಗ. ಸಿಗ್ನಲ್ ಇಲ್ಲದ ಕೋಣೆಯಲ್ಲೇ ಅದನ್ನು ಸಿಕ್ಕಿಸುತ್ತೇವೆ. ಅದಕ್ಕೇ ಸಿಗ್ನಲ್ ಇಲ್ಲದಿದ್ದರೆ ಅದು ಮುಂದಕ್ಕೆ ಕೊಡುವುದಾದರೂ ಏನನ್ನು? ಅರ್ಧ ದಾರಿಯಲ್ಲಿ ಇಡಬೇಕು. ಆಗಲೂ ಒಂದು ನಷ್ಟವಿದೆ. ಕೈಯಿಂದ ಕೈಗೆ ಬಿಂದಿಗೆ ದಾಟಿಸುವ ಸಾಲಿನಲ್ಲಿ ನಡುವೆ ನಿಂತವರು ಒಂದು ಸಲ ತೆಗೆದುಕೊಳ್ಳಬೇಕು, ಒಂದು ಸಲ ಕೊಡಬೇಕು. ಒಂದೇ ಪಟ್ಟಿಯಲ್ಲಿ ಎರಡೂ ನಡೆದರೆ ವೇಗ ಅರ್ಧಕ್ಕೆ ಇಳಿಯುತ್ತದೆ. ಒಂದೇ ಕೋಣೆಗೆ, ಒಬ್ಬರ ಫೋನಿಗೆ ಸಾಕಾದೀತು. ಎಂಟು ಜನರ ಮನೆಗೆ ಸಲ್ಲ.

ಮೆಶ್ ಎಂಬುದು ಇದರ ಸುಧಾರಿಸಿದ ರೂಪ. ಎರಡು ಮೂರು ಬಾಕ್ಸುಗಳು, ಒಂದೇ ಹೆಸರು, ಒಂದೇ ಪಾಸ್‌ವರ್ಡು. ಫೋನು ಮಹಡಿ ಏರಿದಂತೆ ಹತ್ತಿರದ ಬಾಕ್ಸಿಗೆ ದಾಟಿಕೊಳ್ಳಲು ಅವು ನೆರವಾಗುತ್ತವೆ. ಬಾಡಿಗೆ ಮನೆಯವರಿಗೆ, ಗೋಡೆ ಮುಟ್ಟಲಾಗದವರಿಗೆ ಇದೇ ಸರಿ. ಬಾಕ್ಸುಗಳನ್ನು ಮೆಟ್ಟಿಲಿನ ಬಾವಿಯ ಹತ್ತಿರ ಒಂದರ ಮೇಲೊಂದು ಬರುವಂತೆ ಇಟ್ಟರೆ ಮೋಲ್ಡಿನ ತಡೆ ಸ್ವಲ್ಪ ತಪ್ಪುತ್ತದೆ. ಆದರೆ ದುಬಾರಿ ಮೆಶ್ಶನ್ನೂ ಗಾಳಿಯಲ್ಲೇ ಜೋಡಿಸಿದರೆ ನಮ್ಮ ಗೋಡೆಗಳ ನಡುವೆ ಅದು ಏದುಸಿರು ಬಿಡುತ್ತದೆ. ಅದೇ ಬಾಕ್ಸುಗಳ ನಡುವೆ ಒಂದು ವೈರ್ ಎಳೆದುಬಿಟ್ಟರೆ ಪ್ರತಿ ಮಹಡಿಗೂ ಹೊಸ ಸಂಪರ್ಕ ಬಂದಂತೆ ಓಡುತ್ತದೆ. ನಾನು ಅಳೆದು ಕಂಡುಕೊಂಡದ್ದರಲ್ಲಿ ಇದಕ್ಕಿಂತ ಮುಖ್ಯವಾದ ಮಾತಿಲ್ಲ. ಮನೆಯೊಳಗೆ ಎಳೆದ ಇಪ್ಪತ್ತು ಮೀಟರ್ ವೈರು ಯಾವ ಹೊಸ ತಲೆಮಾರಿನ ರೂಟರಿಗಿಂತಲೂ ಹೆಚ್ಚಿನ ಕೆಲಸ ಮಾಡುತ್ತದೆ.

ಬೇಕಾದದ್ದು ಕ್ಯಾಟ್ 6 ಕೇಬಲ್. ಒಂದು ಗಿಗಾಬಿಟ್ ವೇಗವನ್ನು 100 ಮೀಟರ್‌ವರೆಗೆ ಒಯ್ಯುತ್ತದೆ. ಯಾವ ಮನೆಗೂ ಅದು ಧಾರಾಳ. 305 ಮೀಟರಿನ ಪೆಟ್ಟಿಗೆಯಿಂದ ಅಂಗಡಿಯವರು ಮೀಟರ್ ಲೆಕ್ಕದಲ್ಲೂ ಕೊಡುತ್ತಾರೆ. ಕೊಳ್ಳುವಾಗ ಒಂದು ಎಚ್ಚರ: ಅಲ್ಯೂಮಿನಿಯಮ್ ಎಳೆಗೆ ತಾಮ್ರದ ಲೇಪ ಕೊಟ್ಟ ಕೇಬಲ್ ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ಸಿಸಿಎ ಎಂದು ಬರೆದಿದ್ದರೆ ಅದೇ. ಬರೆಯದಿದ್ದರೆ ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಬೇಡ. ವರ್ಷಗಳು ಕಳೆದಂತೆ ಅದು ತುದಿಯಲ್ಲಿ ತುಂಡಾಗುತ್ತದೆ. ಅದೇ ಕೇಬಲ್ಲಿನಿಂದ ಕ್ಯಾಮೆರಾಕ್ಕೆ ಕರೆಂಟನ್ನೂ ಕಳಿಸಿದರೆ ಬಿಸಿಯಾಗುತ್ತದೆ. ಪೂರ್ತಿ ತಾಮ್ರದ್ದೇ ಆಗಬೇಕು. 230 ವೋಲ್ಟಿನ ವೈರುಗಳ ಪೈಪಿನೊಳಗೆ ಇದನ್ನು ಸೇರಿಸಕೂಡದು. ಬೇರೆ ಪೈಪ್ ಇರಲಿ.

ಕಟ್ಟಿ ಮುಗಿದ ಮನೆಯಲ್ಲಿ ಗೋಡೆ ಕಟಿಂಗ್ ಮಾಡಿಸಬೇಕಾಗಿಲ್ಲ. ನಾವು ಮಾಡಿದ್ದು ಇಷ್ಟು. ಫೈಬರನ್ನು ಹೊರಗೋಡೆಯ ಮೇಲೇ ಏರಿಸಿ, ಮೊದಲ ಮಹಡಿಯಲ್ಲಿ ಮೆಟ್ಟಿಲು ಬಂದು ಸೇರುವ ಕಡೆ, ಬಾಗಿಲಿನ ಮೇಲಿನ ಎತ್ತರದಲ್ಲಿ ಬಾಕ್ಸನ್ನೂ ಹೊಸ ಎಎಕ್ಸ್ 3000 ರೂಟರನ್ನೂ ಕೂರಿಸಿದೆವು. ಮನೆಯ ನಟ್ಟನಡುವೆ ಅಂದರೆ ಅದೇ. ಅಲ್ಲಿಂದ ಒಂದು ಕ್ಯಾಟ್ 6 ತಾರಸಿಯ ಕೋಣೆಗೆ, ಇನ್ನೊಂದು ಕೆಳಗಿನ ಹಜಾರಕ್ಕೆ, ಎರಡೂ ಹೊರಗೋಡೆಯ ಪಿವಿಸಿ ಪೈಪಿನಲ್ಲಿ. ಮೇಲೆ ಒಂದು ಸಣ್ಣ ವೈ-ಫೈ 6 ಬಾಕ್ಸು. ಕೆಳಗೆ ಅಟ್ಟದಲ್ಲಿ ಬಿದ್ದಿದ್ದ ಹಳೇ ಡ್ಯುಯಲ್ ಬ್ಯಾಂಡ್ ರೂಟರನ್ನೇ ಆ್ಯಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿದೆವು. ಹೀಗೆ ಮಾಡಿದರೆ ವಿಳಾಸ ಹಂಚುವ ಕೆಲಸ ಮುಖ್ಯ ರೂಟರಿನಲ್ಲೇ ಉಳಿದು ಎರಡೂ ಕಿತ್ತಾಡುವುದಿಲ್ಲ. ಮೂರಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡು. ಕೆಳಗಿನ ಟಿವಿ ಮತ್ತು ಗೇಟಿನ ಕ್ಯಾಮೆರಾಗಳನ್ನು ವೈರಿಗೆ ಹಾಕಿದೆವು. ಎಲೆಕ್ಟ್ರಿಷಿಯನ್ ಒಂದು ದಿನ ಕೆಲಸ ಮಾಡಿದ.

ಬಾಡಿಗೆ ಮನೆಯಲ್ಲಿ ಇಷ್ಟೂ ಸಾಧ್ಯವಿಲ್ಲದಿದ್ದರೆ ಚಪ್ಪಟೆ ಕೇಬಲ್ ಸಿಗುತ್ತದೆ. ಗೋಡೆಯಂಚಿನ ಸ್ಕರ್ಟಿಂಗ್ ಗುಂಟ, ಬಾಗಿಲ ಸಂದಿನಲ್ಲಿ ಹಾಯಿಸಬಹುದು. ಬಿಡುವಾಗ ಸುತ್ತಿಕೊಂಡು ಹೋಗಬಹುದು.

ತೋಟದ ಮನೆಯವರಿಗೆ ಬೇರೆಯೇ ಮಾತು. ಮನೆಯಿಂದ ಅಂಗಳ ದಾಟಿ ಕೊಟ್ಟಿಗೆಗೋ ಅಡಿಕೆ ಮನೆಗೋ ತಾಮ್ರದ ಕೇಬಲ್ ಎಳೆಯಬೇಡಿ. ಮುಂಗಾರಿಗೆ ಮುಂಚಿನ ಗುಡುಗುಮಳೆಯಲ್ಲಿ ಸಿಡಿಲಿನ ಅಲೆ ಆ ತಾಮ್ರದ ಮೂಲಕ ಒಳಕ್ಕೆ ಬಂದು ಎರಡೂ ತುದಿಯ ಸಾಧನಗಳನ್ನು ಸುಡುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಎಳೆದು ಎರಡು ತುದಿಗೂ ಮೀಡಿಯಾ ಕನ್ವರ್ಟರ್ ಹಾಕಿ. ಗಾಜಿನೆಳೆಯಲ್ಲಿ ವಿದ್ಯುತ್ ಹರಿಯದು. ಫೈಬರ್ ಜೊತೆ ಆಸರೆಗೆಂದು ಇರುವ ಉಕ್ಕಿನ ತಂತಿಯನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿ.

ಕರೆಂಟ್ ಹೋದಾಗಿನ ಮಾತೂ ಇದೆ. ಮನೆಯ ಇನ್‌ವರ್ಟರ್ ಹೊತ್ತಿಕೊಳ್ಳುವ ಅರೆಗಳಿಗೆಯಲ್ಲೇ ಹಲವು ರೂಟರುಗಳು ಆರಿ ಮತ್ತೆ ಶುರುವಾಗುತ್ತವೆ. ಎರಡು ಮೂರು ನಿಮಿಷ ಮೀಟಿಂಗ್ ಹೋಗುತ್ತದೆ. ರೂಟರಿಗೆಂದೇ ಅಂಗೈಯಗಲದ ಮಿನಿ ಯುಪಿಎಸ್ ಸಿಗುತ್ತದೆ, ಅದರಲ್ಲಿ ಈ ತೊಂದರೆಯಿಲ್ಲ. ಕೊಳ್ಳುವ ಮುಂಚೆ ನಿಮ್ಮ ಅಡಾಪ್ಟರಿನ ಮೇಲೆ 9 ವೋಲ್ಟ್ ಎಂದಿದೆಯೋ 12 ಎಂದಿದೆಯೋ, ಎಷ್ಟು ಆಂಪಿಯರ್ ಎಂದು ನೋಡಿಕೊಳ್ಳಿ. ಫೈಬರ್ ಬಾಕ್ಸು, ರೂಟರು ಎರಡಕ್ಕೂ ಅದು ಸಾಲಬೇಕು. ಜಿಪಾನ್ ಬಗೆಯ ಫೈಬರ್ ಸಂಪರ್ಕದಲ್ಲಿ ಕೇಂದ್ರದಿಂದ ಮನೆಯವರೆಗೆ ನಡುವೆ ಕರೆಂಟ್ ಬೇಡುವ ಸಾಧನವೇ ಇಲ್ಲ. ಬೀದಿಯೆಲ್ಲ ಕತ್ತಲಾದರೂ ಕೇಂದ್ರದಲ್ಲಿ ಬ್ಯಾಟರಿ ಇದ್ದರೆ ನಮ್ಮ ಬೆಳಕಿನ ಎಳೆ ಕೆಲಸ ಮಾಡುತ್ತಿರುತ್ತದೆ. ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಮಾತ್ರ ಫೈಬರ್ ಮೆಟ್ಟಿಲ ಬಳಿಯ ಒಂದು ಸ್ವಿಚ್ಚಿಗೆ ಬಂದು ಅಲ್ಲಿಂದ ತಾಮ್ರದಲ್ಲಿ ಮನೆಮನೆಗೆ ಹೋಗುತ್ತದೆ. ಅಲ್ಲಿ ಆ ಸ್ವಿಚ್ಚಿಗೂ ಬ್ಯಾಕಪ್ ಬೇಕೆಂದು ಸಂಘದ ಸಭೆಯಲ್ಲಿ ಕೇಳಿ.

ಭದ್ರತೆಯ ವಿಷಯ ಚಿಕ್ಕದು, ಬಿಡುವಂಥದ್ದಲ್ಲ. ಬಾಕ್ಸಿನ ಕೆಳಗೆ ಅಂಟಿಸಿದ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಡಬ್ಲ್ಯುಪಿಎ 3 ಇದ್ದರೆ ಅದು, ಇಲ್ಲದಿದ್ದರೆ ಡಬ್ಲ್ಯುಪಿಎ 2 ಇಡಿ. ಬಂದುಹೋಗುವ ನೆಂಟರಿಗೂ ಅಗ್ಗದ ಕ್ಯಾಮೆರಾ, ಪ್ಲಗ್ಗು, ಬಲ್ಬುಗಳಿಗೂ ಗೆಸ್ಟ್ ನೆಟ್‌ವರ್ಕ್ ಕೊಡಿ. ಅದನ್ನು 2.4ರಲ್ಲಿ ಇಟ್ಟರೆ, ಆ ಸಣ್ಣ ಸಾಧನಗಳಲ್ಲಿ ಬಹುಪಾಲು 2.4 ಮಾತ್ರ ಹಿಡಿಯುವುದರಿಂದ ಜೋಡಿಸುವ ಕಷ್ಟವೂ ಕಡಿಮೆಯಾಗುತ್ತದೆ.

ಕೆಲಸ ಮುಗಿದ ಮರುದಿನ ಅದೇ ಹಾಳೆ ಹಿಡಿದು ಮತ್ತೆ ಮನೆ ಸುತ್ತಿದೆ. ತಾರಸಿಯ ಕೋಣೆಯಲ್ಲಿ ಮೈನಸ್ 46. ಬೀರುವಿನ ಮರೆಯಲ್ಲಿ 58. ಅಮ್ಮನ ಮಂಚದ ಬಳಿ 50. ಆಮೇಲೆ ಪ್ಲ್ಯಾನನ್ನು 200ರಿಂದ 100ಕ್ಕೆ ಇಳಿಸಿದೆವು. ಇಳಿಸಿದ್ದು ಮನೆಯಲ್ಲಿ ಯಾರ ಗಮನಕ್ಕೂ ಬಂದಿಲ್ಲ.

ಈಗ ಮನೆ ಕಟ್ಟಿಸುತ್ತಿರುವವರಲ್ಲಿ ನನ್ನದೊಂದು ಕೋರಿಕೆ. ಪ್ಲಾಸ್ಟರಿಂಗ್ ಶುರುವಾಗುವ ಮುಂಚೆ, ಎಲೆಕ್ಟ್ರಿಷಿಯನ್ ಗೋಡೆಯಲ್ಲಿ ಪೈಪ್ ಕೂರಿಸುತ್ತಿರುವಾಗ ಒಮ್ಮೆ ಹೋಗಿ ನಿಂತುಕೊಳ್ಳಿ. ಪ್ರತಿ ಮಹಡಿಯ ನಡುಭಾಗದಿಂದ ಒಂದೇ ಜಾಗಕ್ಕೆ ಬಂದು ಸೇರುವಂತೆ ಮುಕ್ಕಾಲು ಇಂಚಿನ ಒಂದೊಂದು ಬರಿಯ ಪೈಪ್ ಹಾಕಿಸಿ, ಒಳಗೆ ಎಳೆಯಲು ಒಂದು ತಂತಿ ಬಿಡಿಸಿ, ಪಕ್ಕದಲ್ಲಿ ಒಂದು ಪ್ಲಗ್ ಪಾಯಿಂಟ್ ಇಡಿಸಿ. ಫೈಬರ್ ಹುಡುಗ ಬಂದು ಬಾಗಿಲಲ್ಲಿ ನಿಂತಾಗ ಆ ಜಾಗವನ್ನು ತೋರಿಸಿ.